ಹಡಗು ಮಾರ್ಮಗೋವಾದಾಗ ಏಳು ತಾಸು ನಿಲ್ಲತದ, ಹಳೇ ಗೋವಾ ನೋಡ್ಲಿಕ್ಕ ಸಾಕಾಗತದೇನ್ರಿ?

ಗುಮ್ಮಟದೂರಿನ ಮಾಸ್ತರ (ಭಾನುವಾರ, ರಾತ್ರಿ 8:40)

ಎಲ್ಲಾರಿಗೂ ನಮಸ್ಕಾರ್ರಿ. ನಾ ವಿಜಯಪುರದಾಂವ, ಹೋದ ವರ್ಷ ಮಾಸ್ತರಕಿಯಿಂದ ರಿಟೈರ್ ಆಗೀನಿ. ಮಗಳು ಮುಂಬೈದಾಗ ನೌಕರಿ ಮಾಡ್ತಾಳ. ನಮ್ಮ ಲಗ್ನ ಆಗಿ ಮೂವತ್ತೈದು ವರ್ಷ ಆತು ಅಂತ ಹೇಳಿ, ನಮಗ ಒಂದ ಮಾತೂ ಕೇಳಲಾರದ ಹಡಗಿನ ಟಿಕೀಟು ತಗಸಿ ಕೈಯಾಗ ಇಟ್ಟಾಳ. ಮುಂಬೈದಾಗ ಹತ್ತೂದು, ಒಂದ ದಿನ ಗೋವಾದ ಮಾರ್ಮಗೋವಾ ಬಂದರದಾಗ ನಿಲ್ಲೂದು, ಮತ್ತ ಮುಂಬೈಕ ವಾಪಸ್ಸು. ಮುಂಜಾನೆ ಒಂಬತ್ತಕ್ಕ ಹಡಗು ದಂಡಿಗೆ ಬರತದ, ಸಂಜೀಕ ಐದಕ್ಕ ಬಿಡತದ. ನಾಲ್ಕರೊಳಗ ಎಲ್ಲಾರೂ ಒಳಗ ಇರಬೇಕಂತ. ಅಂದ್ರ ಕೈಗೆ ಸಿಗೂದು ಏಳು ತಾಸು.

ಬೀಚಿನ ಗದ್ದಲ ನಮಗ ಬ್ಯಾಡ. ನನಗ ಹಳೇ ಗೋವಾ ನೋಡೂ ಹಂಬಲ. "1510ರಲ್ಲಿ ಅಲ್ಬುಕರ್ಕ್ ಬಿಜಾಪುರದ ಸುಲ್ತಾನನಿಂದ ಗೋವೆಯನ್ನು ಗೆದ್ದುಕೊಂಡನು" ಅಂತ ಮೂವತ್ತು ವರ್ಷ ಬೋರ್ಡಿನ ಮ್ಯಾಲ ಬರದೀನ್ರಿ, ಆ ಊರಿಗೆ ಮಾತ್ರ ಒಮ್ಮೆನೂ ಕಾಲಿಟ್ಟಿಲ್ಲ. ಹಡಗಿನವರದ್ದ ಒಂದು ಟೂರ್ ಅದ, ತುಟ್ಟಿ ಅದ. ನಾವ ಟ್ಯಾಕ್ಸಿ ಮಾಡಿಕೊಂಡು ಹೋಗಿ ಬರೂದು ಆಗತದೇನು? ನಮ್ಮ ಮನಿಯವ್ರಿಗೆ ಮೊಣಕಾಲ ನೋವು, ಗೋಳಗುಮ್ಮಟದ ಮೆಟ್ಟಲ ಹತ್ತೂದು ಬಿಟ್ಟು ಹತ್ತು ವರ್ಷ ಆತು.

ಖಡಕ್ ರೊಟ್ಟಿ

ಮಾಸ್ತರ್ರ, ಕೊಂಕಣ ಸುತ್ತಿ ಮೈಲಾರಕ್ಕ ಬಂದ್ರು ಅಂತಾರ. ನೀವು ಮುಂಬೈ ಸುತ್ತಿ ಕೊಂಕಣಕ್ಕ ಹೊಂಟೀರಿ. ರಾತ್ರಿ ಬಸ್ ಹತ್ತಿದ್ರ ಮುಂಜಾನೆ ಚಹಾ ಪಣಜಿಯೊಳಗ ಕುಡಿಬೌದು.

ಕುಂದಾನಗರಿ

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದ್ರ ಊಟದ ಹೊತ್ತಿಗೆ ಪಣಜಿ. ಹೋಗಿ, ಮೀನ ತಿಂದು, ರಾತ್ರಿ ಮನಿಗೆ ಬಂದು ಮಲಗೋ ಮಂದಿ ನಾವು. ಹಡಗು ಯಾಕ್ರಿ?

ಗುಮ್ಮಟದೂರಿನ ಮಾಸ್ತರ

ಮಗಳು ಕೊಟ್ಟದ್ದಕ್ಕ "ಯಾಕ" ಅನ್ನಾಕ ಬರಂಗಿಲ್ರಿ.

ಇಳಕಲ್ ಸೆರಗು

ಸರಿಯಾಗಿ ಹೇಳಿದ್ರಿ ಸರ್. ಇವರ ಮಾತು ಕೇಳಬ್ಯಾಡ್ರಿ, ಎಲ್ಲಾದಕ್ಕೂ ಬಸ್ ಚಾರ್ಜ್ ಲೆಕ್ಕಾ ಹಾಕತಾರ. ಪೋರ್ಚುಗೀಸರೂ ಆ ಊರಿಗೆ ಹಡಗಿನ ಮ್ಯಾಲ ಬಂದಿದ್ದು, ಚೋರ್ಲಾ ಘಾಟಿನ್ಯಾಗ ಅಲ್ಲ. ನೀವೂ ಹಂಗ ಹೋಗ್ರಿ.

ಡೆಕ್ ನಂಬರ್ ಏಳು

ನಾನು ಇದೇ ರೀತಿ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲು ಆ ಏಳು ತಾಸಿನ ಲೆಕ್ಕ ಬಿಟ್ಟುಬಿಡಿ. ಹಡಗು ಒಂಬತ್ತಕ್ಕೆ ಕಟ್ಟಿದರೂ ಅಧಿಕಾರಿಗಳು ಕಾಗದಪತ್ರ ನೋಡಿ ಮುಗಿಸುವವರೆಗೆ ಯಾರನ್ನೂ ಇಳಿಸುವುದಿಲ್ಲ. ಆಮೇಲೆ ಏಣಿಯ ಹತ್ತಿರ ಸರದಿ. ಟೂರ್ ತೆಗೆದುಕೊಂಡವರನ್ನು ಮೊದಲು ಬಿಡುತ್ತಾರೆ. ಬಂದರಿನ ಒಳಗೆ ನಡೆದು ಹೋಗಲು ಬಿಡುವುದಿಲ್ಲ, ಗೇಟಿನವರೆಗೆ ಅವರದ್ದೇ ಬಸ್ಸು. ನೀವು ಗೇಟಿನ ಹೊರಗೆ ಕಾಲಿಡುವಾಗ ಹತ್ತೂಕಾಲು ಆಗಿರುತ್ತದೆ.

ಅಲ್ಲಿಂದ ಹಳೇ ಗೋವಾ 35 ಕಿಲೋಮೀಟರಿನ ಆಸುಪಾಸು. ಝುವಾರಿ ನದಿಗೆ ಹೊಸ ಸೇತುವೆ ಆದಮೇಲೆ ಆರಾಮ ಆಗಿದೆ, ಆದರೂ ಒಂದು ಗಂಟೆ ಹಿಡಿಯಿರಿ. ವಾಪಸ್ ಬರುವಾಗ ಒಂದೂವರೆ ಹಿಡಿಯಿರಿ, ವಾಸ್ಕೋ ಊರಿನೊಳಗೆ ಯಾವಾಗ ಸಿಕ್ಕಿಬೀಳುತ್ತೀರಿ ಹೇಳಲಾಗದು. ಉಳಿಯುವುದು ಮೂರು ಗಂಟೆ. ಅಷ್ಟೇ ನಿಮ್ಮ ಬಂಡವಾಳ.

ಇನ್ನೊಂದು ವಿಷಯ. ಹಡಗಿನವರ ಟೂರ್ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ತುಟ್ಟಿ ಅನ್ನುವುದರಲ್ಲಿ ಆ ಭರವಸೆಯ ಬೆಲೆಯೂ ಸೇರಿದೆ.

ಖಡಕ್ ರೊಟ್ಟಿ

ಹಡಗು ಬಿಟ್ಟು ಹೋದ್ರ ಏನಾತ್ರಿ, ಸಂಜೀ ಬಸ್ಸಿಗೆ ಊರಿಗೆ ಬರ್ತಾರ. ಬ್ಯಾಗು ಅಷ್ಟ ಮುಂಬೈಕ ಹೋಗತದ.

ಬಾರಾಕಮಾನ್ (ಭಾನುವಾರ, ರಾತ್ರಿ 10:25)

ಮಾಸ್ತರ್ರ, ನೀವು ವಿಜಯಪುರದವರು ಅಂದಮ್ಯಾಲ ಒಂದು ಜಾಗಾ ಹೇಳ್ತೀನಿ. ಟೂರ್ ಬಸ್ಸಿನವ್ರು ಅಲ್ಲಿ ನಿಲ್ಲಸಂಗಿಲ್ಲ, ನಿಲ್ಲಸಿದ್ರೂ ಎರಡು ನಿಮಿಷ.

ಹಳೇ ಗೋವಾದಾಗ ಸೇಂಟ್ ಕ್ಯಾಜೆಟನ್ ಅಂತ ಒಂದು ಚರ್ಚ್ ಅದ. ಅದರ ಹಾದಿ ಬಾಜೂಕ, ಹುಲ್ಲಿನ ಮ್ಯಾಲ ಒಂದು ಕರೀ ಕಲ್ಲಿನ ಚೌಕಟ್ಟು ಒಂದ ಒಂದು ನಿಂತದ. ಹಿಂದ ಗ್ವಾಡಿ ಇಲ್ಲ, ಮ್ಯಾಲ ಮಾಳಗಿ ಇಲ್ಲ. ಅದು ಆದಿಲ್ ಶಾಹನ ಅರಮನಿ ಬಾಗಲ. 1510ರಾಗ ಪೋರ್ಚುಗೀಸರ ಅಲ್ಬುಕರ್ಕ್ ಊರು ಹಿಡದ. ಮುಂದ 1554ರಿಂದ 1695ರ ತನಕ ಪೋರ್ಚುಗೀಸ್ ವೈಸರಾಯ್‌ಗಳು ಅದ ಅರಮನಿಯೊಳಗ ಸಂಸಾರ ಮಾಡಿದ್ರು. ಆಮ್ಯಾಲ ಊರಿಗೆ ರೋಗ ಬಡೀತು, ಮಂದಿ ಪಣಜಿ ಕಡೆ ಹೋದ್ರು, ಅರಮನಿ ಕೆಡವಿದ್ರು. ಉಳದದ್ದು ಆ ಬಾಗಲ ಒಂದ.

ಎಲ್ಲಾರೂ ಅದರ ಮುಂದ ಹಾದು ಚರ್ಚಿಗೆ ಹೋಗ್ತಾರ. ನೀವು ಹಂಗ ಮಾಡಬ್ಯಾಡ್ರಿ. ಅದು ನಮ್ಮೂರಿನ ಬಾಗಲ.

ಆಮ್ಯಾಲ ಆ ಚರ್ಚಿನ ಒಳಗೂ ಹೋಗ್ರಿ. ರೋಮಿನ ಸೇಂಟ್ ಪೀಟರ್ ಚರ್ಚಿನ ನಮೂನಿ ಹಿಡಿದು ಕಟ್ಟ್ಯಾರ, ಮ್ಯಾಲ ಗುಮ್ಮಟ ಅದ. ಮುಗಿದದ್ದು 1661ರ ಹೊತ್ತಿಗೆ. ನಮ್ಮ ಮಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಾಗ. ಅಂದ್ರ ನಮ್ಮೂರಾಗ ಗೋಳಗುಮ್ಮಟದ ಗಾರೆ ಆರೂದರೊಳಗ ಅಲ್ಲಿ ಇನ್ನೊಂದು ಗುಮ್ಮಟ ಏಳ್ಲಿಕ್ಕ ಹತ್ತಿತ್ತು. ಆ ಗುಮ್ಮಟದ ಕೆಳಗ ಒಂದು ಬಾವಿ ಅದ, ಮುಚ್ಚಿಟ್ಟಾರ.

ಬನವಾಸಿಯಿಂದ ಬಂದವ

"ನಮ್ಮೂರಿನ ಬಾಗಲ" ಅನ್ನೋದು ಸ್ವಲ್ಪ ಜಾಸ್ತಿ ಆತು ಬಾರಾಕಮಾನ್ ಅವರ. ಯೂಸುಫ್ ಆದಿಲ್ ಶಾಹನ ಕೈಯಾಗ ಗೋವಾ ಇದ್ದದ್ದು ಹೆಚ್ಚು ಕಡಿಮಿ ಇಪ್ಪತ್ತು ವರ್ಷ. ಅದಕ್ಕಿಂತ ಮೊದಲ 1472ರಾಗ ಮಹಮೂದ್ ಗಾವಾನ್ ಬಹಮನಿಗಳಿಗೆ ಗೆದ್ದುಕೊಟ್ಟಿದ್ದ, ಅದೂ ವಿಜಯನಗರದವರ ಕೈಯಿಂದ. ಅದಕ್ಕೂ ಮೊದಲ ಮುನ್ನೂರು ವರ್ಷದ ಮ್ಯಾಲ ಆಳಿದವರು ಗೋವಾ ಕದಂಬರು, ಕನ್ನಡ ಶಾಸನ ಹಾಕಿಸಿದವರು. ಇವತ್ತಿಗೂ ಗೋವಾದ ಸರಕಾರಿ ಬಸ್ಸಿನ ಮ್ಯಾಲ ಯಾರ ಹೆಸರು ಐತಿ ನೋಡ್ರಿ: ಕದಂಬ.

ಆ ಚೌಕಟ್ಟಿನ ಕೆತ್ತನಿನೂ ಸರಿಯಾಗಿ ನೋಡ್ರಿ. ದೇವಸ್ಥಾನದ ಬಾಗಲ ಕಂಡಂಗ ಕಾಣತೈತಿ.

ಬಾರಾಕಮಾನ್

ಕೆತ್ತನಿ ಮಾಡಿದಾಂವ ಅಲ್ಲಿಯವನ ಇರ್ತಾನಲ್ರಿ, ಬಿಜಾಪುರದಿಂದ ಕಲ್ಲಕುಟಿಗರನ್ನ ಎತ್ತಿನ ಗಾಡ್ಯಾಗ ಹೇರಿಕೊಂಡು ಹೋಗಿದ್ರೇನು? ಇಪ್ಪತ್ತು ವರ್ಷದ ಮಾತಿಗೆ ಬಂದ್ರ, ಕೈ ಬಿಟ್ಟಮ್ಯಾಲೂ ನಮ್ಮವರು ಬಿಟ್ಟಿಲ್ಲ. ಮಾರ್ಚಿನ್ಯಾಗ ಅಲ್ಬುಕರ್ಕ್ ಊರು ಹೊಕ್ಕ, ಮೇ ತಿಂಗಳದಾಗ ಬಿಜಾಪುರದ ಫೌಜು ಬಂದು ಹೊರಗ ಹಾಕಿತು. ಆತ ಓಡಿ ಹೋಗಬೇಕಂದ್ರ ಮಳಿಗಾಲ ಸುರು ಆಗಿತ್ತು, ಹಡಗು ಸಮುದ್ರಕ್ಕ ಇಳಿಸಾಕ ಆಗವಲ್ದು. ಆಗಸ್ಟ್ ತನಕ ಮಾಂಡೋವಿ ನದ್ಯಾಗ ಸಿಕ್ಕಿ ಬಿದ್ದ. ದಂಡಿ ಮ್ಯಾಲ ನಮ್ಮ ತೋಫು, ಹಡಗಿನ್ಯಾಗ ಅವನ ಹಸಿವಿ. ನವೆಂಬರ್ 25ಕ್ಕ ಮತ್ತ ಬಂದು ಗೆದ್ದ ಅನ್ನೋದು ಬ್ಯಾರೆ ಮಾತು. 1570-71ರಾಗ ಒಂದನೇ ಅಲಿ ಆದಿಲ್ ಶಾಹ ಮತ್ತ ಹೋಗಿ ತಿಂಗಳಗಟ್ಟಲೆ ಮುತ್ತಿಗಿ ಹಾಕಿದ. ಬರಿಗೈಲೆ ವಾಪಸ್ ಬಂದ, ಖರೆ.

ಬನವಾಸಿಯಿಂದ ಬಂದವ

ಅಲ್ಬುಕರ್ಕನಿಗೆ "ಈಗ ಬಾ, ಊರಾಗ ಸುಲ್ತಾನ ಇಲ್ಲ" ಅಂತ ಹಾದಿ ತೋರಿಸಿದಾಂವ ಹೊನ್ನಾವರದ ತಿಮ್ಮಯ್ಯ, ತಿಮೋಜಿ ಅಂತಾರಲ್ಲ ಅಂವ. ಅವನೂ ನಮ್ಮಾಂವನ. "ನಮ್ಮವರು" ಅನ್ನೋ ಲೆಕ್ಕದಾಗ ಅವನನ್ನ ಎಲ್ಲಿ ಇಡ್ತೀರಿ?

ಕುಂದಾನಗರಿ

ಶುರು ಆತು ನೋಡ್ರಿ. ಮಾಸ್ತರು ಟ್ಯಾಕ್ಸಿ ಕೇಳಿದ್ರು, ಇವರು ಯುದ್ಧ ಹಚ್ಚಿದ್ರು.

ಚೋರ್ಲಾ ಘಾಟ್

ನಾನು ಬೆಳಗಾವಿಯಿಂದ ಗೋವಾಕ್ಕ ಕಾಯಿಪಲ್ಲೆ ಗಾಡಿ ಹೊಡಿತೇನಿ. ಇತಿಹಾಸ ನನಗ ಗೊತ್ತಿಲ್ಲ, ಹಾದಿ ಗೊತ್ತು. ಒಂದು ಮಾತು ಹೇಳತೇನಿ. ಮ್ಯಾಪಿನ್ಯಾಗ "ಗೋವಾ ವೆಲ್ಹಾ" ಅಂತ ಒಂದು ಊರು ಬರತೈತಿ. ಝುವಾರಿ ಬ್ರಿಜ್ ದಾಟಿ ಪಣಜಿ ಕಡೆ ಹೋಗೂ ಹಾದ್ಯಾಗನ ಐತಿ. ಮೊದಲನೇ ಸಲ ಒಬ್ಬ ಗಿರಾಕಿ "ಓಲ್ಡ್ ಗೋವಾದಾಗ ಮಾಲು ಇಳಸು" ಅಂದ, ನಾ ಗೋವಾ ವೆಲ್ಹಾದಾಗ ಕೋಬಿ, ಬಟಾಟಿ ಹೇರಿಕೊಂಡು ಒಂದು ತಾಸು ನಿಂತಿದ್ದೆ. ಚರ್ಚ್ ಇರೋ ಊರು ಬ್ಯಾರೆ, ಅದು "ವೆಲ್ಹಾ ಗೋವಾ". ಹೆಸರು ತಿರುವು ಮುರುವು. ಟ್ಯಾಕ್ಸಿಯವ್ರಿಗೆ ಗೊತ್ತಿರತೈತಿ, ನೀವ ಮೊಬೈಲ್ ನೋಡಿ ಹಾದಿ ಹೇಳಾಕ ಹೋಗಬ್ಯಾಡ್ರಿ.

ಬನವಾಸಿಯಿಂದ ಬಂದವ

ಅಣ್ಣಾ, ನೀ ಕೋಬಿ ಹೇರಿಕೊಂಡು ನಿಂತಿದ್ದೆಲ್ಲ, ಅದ ಕದಂಬರ ಗೋಪಕಪಟ್ಟಣ! ಝುವಾರಿ ದಂಡಿ ಮ್ಯಾಲಿನ ಮೂಲ ಬಂದರ ಅದು. ಹೂಳು ತುಂಬಿ ಹಡಗು ಬರೂದು ನಿಂತ ಮ್ಯಾಲ ವ್ಯಾಪಾರ ಮಾಂಡೋವಿ ದಂಡೀಕ, ಎಲಾ ಅನ್ನೋ ಊರಿಗೆ ಸರೀತು. ಆ ಎಲಾನ ಈಗಿನ ಹಳೇ ಗೋವಾ. ಮಾಸ್ತರ್ರು ಆ ಹಾದೀಲೆ ಹೋಗೂದು ಐತಿ, ಕಿಡಕ್ಯಾಗಿಂದ ಒಂದು ನಮಸ್ಕಾರ ಹಾಕ್ರಿ. ನೋಡಾಕ ಈಗ ಏನೂ ಇಲ್ಲ, ತೆಂಗಿನ ಗಿಡ, ಗದ್ದಿ ಅಷ್ಟ.

ಚೋರ್ಲಾ ಘಾಟ್

ಹಂಗಾದ್ರ ನಾನೂ ಇತಿಹಾಸದಾಗ ನಿಂತಿದ್ದೆ ಅಂದಂಗಾತು.

ಇಳಕಲ್ ಸೆರಗು

ಬಟಾಟಿ ಅಂದಿರಲ್ಲ ಅಣ್ಣಾರ, ಅದೂ ಪೋರ್ಚುಗೀಸ್ ಶಬ್ದನ. ನಾವು "ಪಗಾರ ಆತೇನು" ಅಂತ ಕೇಳತೀವಿ, ಅದೂ ಅವರದ್ದ. ಚಾವಿ, ಪಾದ್ರಿ, ಪಾವ್ ಸೈತ. ಬೆಂಗಳೂರಾಗ "ಸಂಬಳ" ಅಂತಾರ, ನಮ್ಮ ಕಡೆ ಪಗಾರ. ಗೋವಾ ನಮಗ ಎಷ್ಟು ಹತ್ರ ಇತ್ತು ಅನ್ನೋದು ಅದರಾಗ ಕಾಣತೈತಿ.

ಖಡಕ್ ರೊಟ್ಟಿ

ಪಗಾರ ಅವರು ಕೊಟ್ಟ ಶಬ್ದ, ತಡ ಮಾಡಿ ಕೊಡೂದು ನಾವ ಕಲಿತದ್ದು.

ಕುಂದಾನಗರಿ

ಮೆಣಸಿನಕಾಯಿನೂ ಅವರ ಹಡಗಿನ್ಯಾಗ ಬಂದದ್ದು. ಅಮೆರಿಕಾದ ಕಡಿ ಬೆಳಿ ಅದು. ಅದಕ್ಕೂ ಮುಂಚೆ ನಮ್ಮ ಮಂದಿ ರೊಟ್ಟಿ ಜೋಡಿ ಏನ ತಿಂತಿದ್ರೋ ದೇವರ ಬಲ್ಲ. ಬ್ಯಾಡಗಿ ಮಾರ್ಕೆಟ್ ಇಲ್ಲದ ಕರ್ನಾಟಕ ವಿಚಾರ ಮಾಡ್ರಿ.

ಡೆಕ್ ನಂಬರ್ ಏಳು

ದಯವಿಟ್ಟು ವಿಷಯಕ್ಕೆ ಬನ್ನಿ. ಮಾಸ್ತರೇ, ನಿಮ್ಮ ಹಡಗು ಯಾವ ವಾರ ಅಲ್ಲಿ ನಿಲ್ಲುತ್ತದೆ? ಶುಕ್ರವಾರ ಆದರೆ ಹಳೇ ಗೋವಾದ ವಸ್ತು ಸಂಗ್ರಹಾಲಯ ಮುಚ್ಚಿರುತ್ತದೆ. ಭಾನುವಾರ ಆದರೆ ಚರ್ಚುಗಳಲ್ಲಿ ಪೂಜೆ ಇರುತ್ತದೆ, ಬೆಳಿಗ್ಗೆ ಒಳಗೆ ಓಡಾಡಲು ಬಿಡುವುದಿಲ್ಲ.

ಗುಮ್ಮಟದೂರಿನ ಮಾಸ್ತರ

ಅಯ್ಯ, ಶುಕ್ರವಾರನ ಅದರಿ!

ಬನವಾಸಿಯಿಂದ ಬಂದವ

ಹೋತು. ಕದಂಬರ ಕಾಲದ ವೀರಗಲ್ಲು ಅದರಾಗ ಇರ್ತಾವು, ಹಡಗಿನ ಮ್ಯಾಲಿನ ಕಾಳಗ ಕೆತ್ತಿದ್ದು. ನಮ್ಮ ಕಡೆ ವೀರಗಲ್ಲಿನ್ಯಾಗ ಕುದುರಿ, ದನ ಕಾಣತಾವು. ಅಲ್ಲಿ ಹುಟ್ಟು ಹಾಕೋರು ಸಾಲಾಗಿ ಕೂತಿರ್ತಾರ. ಅದ ನೋಡೂದು ತಪ್ಪಿದ್ರ ಅರ್ಧಾ ತಪ್ಪಿದಂಗ.

ಇಳಕಲ್ ಸೆರಗು

ಒಳ್ಳೇದಾತು ಬಿಡ್ರಿ, ಮೂರ ತಾಸಿನ್ಯಾಗ ಮ್ಯೂಸಿಯಂ ಹೊಕ್ಕರ ಅಲ್ಲೇ ಮುಗೀತಿತ್ತು. ನಾನು ಹೋದ ವರ್ಷ ಅತ್ತಿಯವರನ್ನ ಕರಕೊಂಡು ಹೋಗಿದ್ದೆ, ಅವ್ರಿಗೂ ಮೊಣಕಾಲ. ಬೊಮ್ ಜೀಸಸ್ ಬಸಿಲಿಕಾ, ಅದರ ಎದುರಿಗೆ ಸೆ ಕ್ಯಾಥೆಡ್ರಲ್, ಎರಡೂ ಒಂದ ರಸ್ತೆಯ ಆಕಡೆ ಈಕಡೆ. ನೆಲ ಸಪಾಟ, ಮೆಟ್ಟಲ ಕಡಿಮಿ. ಅತ್ತಿಯವರಿಗೆ ಏನೂ ತೊಂದರಿ ಆಗಲಿಲ್ಲ. ಬಿಸಲು ಮಾತ್ರ ವಿಪರೀತ, ನೆಲದ ಕಲ್ಲು ಕಾದು ಹಂಚ ಆಗಿರತೈತಿ. ಛತ್ರಿ ಬೇಕ ಬೇಕು. ಸೀರಿ ಉಟ್ಟೋರಿಗೆ ಚಿಂತಿ ಇಲ್ಲ, ಅರ್ಧಾ ಚಡ್ಡಿ ಹಾಕ್ಕೊಂಡು ಹೋದ ನಮ್ಮ ಮೈದುನ ಹೊರಗ ನಿಂತ.

ಬೊಮ್ ಜೀಸಸ್ ಹೊರಗಿಂದ ಕೆಂಪ ಕಲ್ಲು, ಗಾರೆ ಇಲ್ಲ. ಒಳಗ ಬಂಗಾರದ ಬಣ್ಣ ಕಣ್ಣಿಗೆ ಹೊಡಿತೈತಿ. ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹ ಬೆಳ್ಳಿ ಪೆಟ್ಟಿಗ್ಯಾಗ ಎತ್ತರಕ್ಕ ಇಟ್ಟಾರ. 1552ರಾಗ ಚೀನಾದ ಹತ್ರ ಒಂದು ನಡುಗಡ್ಡೆಯೊಳಗ ತೀರಿಕೊಂಡವರು. ನಮ್ಮ ಅತ್ತಿಯವರು ಕೈ ಮುಗಿದು "ನಮ್ಮ ಸಿದ್ಧಪ್ಪಜ್ಜರ ಗದ್ದುಗಿ ಇದ್ದಂಗ ಐತಲ್ಲ" ಅಂದ್ರು. ಅದಕ್ಕಿಂತ ಚಲೋ ಗೈಡ್ ನನಗ ಸಿಕ್ಕಿಲ್ಲ.

ಬಾರಾಕಮಾನ್

ಸೆ ಕ್ಯಾಥೆಡ್ರಲ್ ಮುಂದ ನಿಂತು ಮ್ಯಾಲ ನೋಡ್ರಿ. ಒಂದ ಗೋಪುರ ಅದ. ಎರಡು ಇದ್ವು, ದಕ್ಷಿಣದ್ದು 1776ರಾಗ ಬಿತ್ತು. ಮತ್ತ ಕಟ್ಟಲಿಲ್ಲ. ಕ್ಯಾಥರೀನ್ ಸಂತಳ ಹೆಸರಿನ್ಯಾಗ ಇರೂ ಚರ್ಚದು. ಯಾಕಂದ್ರ ನಮ್ಮ ಕೈಯಿಂದ ಊರು ಹೋದ ನವೆಂಬರ್ 25 ಆಕಿ ಹಬ್ಬದ ದಿನ.

ಅಲ್ಲಿಂದ ನದಿ ಕಡೆ ಇಳಿದ್ರ ವೈಸರಾಯ್ ಕಮಾನು. ಹೊಸಾ ವೈಸರಾಯ್ ಬಂದ್ರ ಹಡಗಿನಿಂದ ಇಳಿದು ಅದರ ಕೆಳಗ ಹಾದು ಊರಿನ ಚಾವಿ ಇಸಗೋತಿದ್ದ. ಕಟ್ಟಿಸಿದಾಂವ ವಾಸ್ಕೋ ಡ ಗಾಮನ ಮರಿಮಗ, ಮುತ್ತಜ್ಜನ ಮೂರ್ತಿನೂ ನದಿ ಕಡೆ ಮುಖಾ ಮಾಡಿ ಇಡಸ್ಯಾನ. ಅದರ ಹಿಂದಿನ ಕಡಿ ನೋಡ್ರಿ: ಒಬ್ಬಾಕಿ ನಿಂತಾಳ, ಕಾಲ ಕೆಳಗ ರುಮಾಲು ಸುತ್ತಿದಾಂವ ಬಿದ್ದಾನ. ಅಂವ ಆದಿಲ್ ಶಾಹ ಅಂತ ಗೈಡ್‌ಗಳು ಹೇಳ್ತಾರ. ನನಗಂತೂ ಹೊಟ್ಟಿಯೊಳಗ ಚುರ್ ಅಂತು. ಈಗಿನ ಕಮಾನು 1954ರಾಗ ಮತ್ತ ಎತ್ತಿ ನಿಲ್ಲಿಸಿದ್ದು.

ಖಡಕ್ ರೊಟ್ಟಿ

ಚುರ್ ಅನ್ನೂದಾದ್ರ ಮೊದಲ ಹಂಪಿಗೆ ಹೋಗಿ ಬರ್ರಿ, ನಮ್ಮ ಸುಲ್ತಾನರು ಅಲ್ಲಿ ಏನ ಮಾಡ್ಯಾರ ಕಾಣತದ.

ಬಾರಾಕಮಾನ್

ಅದೂ ಖರೆ. ಅದಕ್ಕ ಉತ್ತರ ಇಲ್ಲ. ಆದ್ರ ಇನ್ನೊಂದು ಕೇಳ್ರಿ. ಪೋರ್ಚುಗೀಸರು ತಮ್ಮ ಸೀಮೆಯೊಳಗ ಗುಡಿ ಕೆಡವೂ ಹೊತ್ತಿನ್ಯಾಗ ಮಂದಿ ಮಂಗೇಶಿ, ಶಾಂತಾದುರ್ಗಾ ದೇವರನ್ನ ರಾತ್ರೋರಾತ್ರಿ ಹೊಳಿ ದಾಟಿಸಿ ಒಯ್ದದ್ದು ಫೋಂಡಾ ಕಡೆ. ಫೋಂಡಾ ಆಗ ಯಾರ ಕೈಯಾಗ ಇತ್ತು? ಆದಿಲ್ ಶಾಹಿ. ಅಲ್ಲೇ 1560ರಾಗ ಅಲಿ ಆದಿಲ್ ಶಾಹ ಕಟ್ಟಿಸಿದ ಸಫಾ ಮಸೀದಿನೂ ಅದ. ಒಂದ ಸೀಮೆ, ಎರಡೂ ಉಳದಾವ.

ಬನವಾಸಿಯಿಂದ ಬಂದವ

ಇದನ್ನ ನಾನೂ ಒಪ್ಪತೇನಿ. ಮೊದಲನೇ ಸಲ.

ಝುವಾರಿನಗರ ಹುಡುಗ (ಸೋಮವಾರ, ಮುಂಜಾನೆ 6:55)

ಎಲ್ಲಾ ಓದಿದೆ. ನಾನು ಹುಟ್ಟಿ ಬೆಳದದ್ದು ವಾಸ್ಕೋ ಹತ್ರ ಝುವಾರಿನಗರದಾಗ, ಮೂಲ ಬಾದಾಮಿ ತಾಲೂಕು. ನಿಮ್ಮ ಬಾಗಲ ಹಳೇ ಗೋವಾದಾಗ ಐತಿ, ನಮ್ಮದು ನೀವು ಇಳಿಯೋ ಜಾಗಾದಾಗ.

ನಮ್ಮ ಅಜ್ಜ ಮಾರ್ಮಗೋವಾ ಬಂದರಕ್ಕ ಕೂಲಿಗೆ ಬಂದವರು. ಹುನಗುಂದ, ಬಾದಾಮಿ, ಮುದ್ದೇಬಿಹಾಳ, ಆ ಕಡೆ ಮಳಿ ಇಲ್ಲದ ವರ್ಷ ಎಲ್ಲಾರೂ ಇದ ಗಾಡಿ ಹತ್ತಿದ್ರು. ಅದಿರು ಹೇರೂದು, ಗಾರೆ ಕೆಲಸ, ರಸ್ತೆ ಕೆಲಸ. ಬಾಯ್ನಾ ಬೀಚಿನ್ಯಾಗ, ನಮ್ಮ ಓಣ್ಯಾಗ ಈಗಲೂ ಕನ್ನಡ ಕೇಳತೈತಿ. ನೀವು ಹಡಗಿನಿಂದ ಇಳಿದು ಬಸ್ಸಿನ ಕಿಡಕ್ಯಾಗ ನೋಡಿದ್ರ ಕ್ರೇನು, ಕಲ್ಲಿದ್ದಲ ರಾಶಿ, ರೈಲ ಹಳಿ ಕಾಣತಾವು, ಚಂದ ಏನೂ ಇಲ್ಲ. ಆ ಹಳಿ 1888ರ ಸುಮಾರಿಗೆ ಹಾಕಿದ್ದು, ಕ್ಯಾಸಲ್ ರಾಕ್ ಮ್ಯಾಲ ಹಾದು ನಮ್ಮ ಸೀಮೆಗೆ ಬರತೈತಿ. ಅಜ್ಜ ಬಂದದ್ದು ಅದ ಹಳಿ ಮ್ಯಾಲ.

ಮಾಸ್ತರ್ರ, ನಮ್ಮ ಕಾಕಾ ಟ್ಯಾಕ್ಸಿ ಹೊಡಿತಾರ. ಬೇಕಂದ್ರ ನನಗ ಖಾಸಗಿ ಮೆಸೇಜ್ ಹಾಕ್ರಿ. ಬಂದರದ ಟ್ಯಾಕ್ಸಿ ಯೂನಿಯನ್ ರೂಢಿ ಏನೈತಿ, ಯಾವ ಗೇಟಿಗೆ ನಿಂತಿರಬೇಕು, ಎಲ್ಲಾ ಅವರಿಗೆ ಗೊತ್ತು.

ಕುಂದಾನಗರಿ

ಈ ಪೋಸ್ಟು ಮ್ಯಾಲ ಹಚ್ರಿ ಯಾರರ. ನಾವು ಗೋವಾ ಅಂದ್ರ ಬರೇ ಮೀನು ಅಂತೀವಿ.

ನಮ್ಮ ಅಜ್ಜ ಹೇಳತಿದ್ದದ್ದು: 1961ರ ಡಿಸೆಂಬರ್‌ದಾಗ ಬೆಳಗಾವಿ ತುಂಬ ಮಿಲಿಟರಿ ಗಾಡಿ, ರಾತ್ರಿ ಹಗಲಿ. ಊರಾಗ ಎಲ್ಲಾರಿಗೂ ಗೊತ್ತು ಎಲ್ಲಿ ಹೊಂಟಾವಂತ, ಯಾರೂ ಬಾಯಿ ಬಿಡವಲ್ರು. 19ಕ್ಕ ಗೋವಾ ಬಿಡುಗಡೆ ಆತು. ಹಿಂದಿನ ದಿನ ಮಾರ್ಮಗೋವಾ ಬಂದರದಾಗ ಪೋರ್ಚುಗೀಸರ ಒಂದು ಯುದ್ಧ ನೌಕೆ ನಮ್ಮವರ ಗುಂಡಿಗೆ ಸಿಕ್ಕು ದಂಡಿಗೆ ಹತ್ತಿ ಕೂತಿತು. ಅದರ ಹೆಸರು ಅಫೊನ್ಸೊ ಡಿ ಅಲ್ಬುಕರ್ಕ್.

ಬಾರಾಕಮಾನ್

ಮಾಸ್ತರ್ರ, ನೀವು ಬೋರ್ಡಿನ ಮ್ಯಾಲ ಬರದ ಸಾಲಿನ ಎರಡನೇ ಸಾಲು ಸಿಕ್ಕಿತು.

ಡೆಕ್ ನಂಬರ್ ಏಳು

ಪಣಜಿಯ ಬಗ್ಗೆ ಯಾರೂ ಹೇಳಲಿಲ್ಲ. ನದಿಯ ದಂಡೆಯಲ್ಲೇ ಆದಿಲ್ ಶಾಹನ ಇನ್ನೊಂದು ಅರಮನೆ ಇದೆ, ಮುಂದೆ ವೈಸರಾಯ್ ಮನೆಯಾಗಿ, ಆಮೇಲೆ ಸರಕಾರಿ ಕಚೇರಿಯಾಗಿತ್ತು. ಪಕ್ಕದಲ್ಲಿ ಅಬ್ಬೆ ಫಾರಿಯಾ ಪ್ರತಿಮೆ. ಸಂಮೋಹನ ವಿದ್ಯೆಗೆ ಹೆಸರಾದ ಗೋವಾದ ಪಾದ್ರಿ. ಹತ್ತು ಕಿಲೋಮೀಟರು ಅಷ್ಟೇ.

ಚೋರ್ಲಾ ಘಾಟ್

ಬ್ಯಾಡ್ರಿ. ಪಣಜಿಯೊಳಗ ಗಾಡಿ ನಿಲ್ಲಸಾಕ ಜಾಗಾ ಹುಡುಕೂದರಾಗ ಅರ್ಧಾ ತಾಸು. ಹಳೇ ಗೋವಾ ಒಂದ ಸಾಕು.

ಇಳಕಲ್ ಸೆರಗು

ನನಗೂ ಹಂಗ ಅನಸತೈತಿ. ಎರಡು ಊರು ಓಡಿ ನೋಡೂದಕ್ಕಿಂತ ಒಂದು ಊರಾಗ ಒಂದು ಕಡಿ ಕೂತು ನೋಡ್ರಿ. ನೀರು, ಊಟ ಹಡಗಿನಿಂದ ಕಟ್ಟಿಕೊಂಡು ಹೋಗಬೌದೇನು?

ಡೆಕ್ ನಂಬರ್ ಏಳು

ನೀರಿನ ಬಾಟಲಿ ನಡೆಯುತ್ತದೆ. ತಿಂಡಿ ಹೊರಗೆ ತರಲು, ಹೊರಗಿನದು ಒಳಗೆ ಒಯ್ಯಲು ನಾನು ಹೋದ ಹಡಗಿನಲ್ಲಿ ಬಿಡಲಿಲ್ಲ. ಹಡಗಿನ ಕಾರ್ಡು ಮತ್ತು ಆಧಾರ್ ಎರಡೂ ಜೇಬಿನಲ್ಲಿರಲಿ.

ಖಡಕ್ ರೊಟ್ಟಿ

ವಿಜಯಪುರದವ್ರು ರೊಟ್ಟಿ ಗಂಟು ಇಲ್ಲದ ಮನಿ ಬಿಟ್ಟ ದಾಖಲೆ ಇತಿಹಾಸದಾಗ ಇಲ್ಲ. ಮಾಸ್ತರ್ರ, ಹೆಂಗರ ಮಾಡಿ ಒಯ್ರಿ.

ನಿರ್ವಾಹಕ

ಹಂಪಿ, ತಾಳೀಕೋಟಿ ಕುರಿತು ಬಂದ ಹನ್ನೊಂದು ಉತ್ತರಗಳನ್ನು ಬೇರೆ ಎಳೆಗೆ ಸರಿಸಿದ್ದೇನೆ. ಅಲ್ಲಿ ಹೋಗಿ ಜಗಳಾಡಿ.

ಗುಮ್ಮಟದೂರಿನ ಮಾಸ್ತರ (ಎರಡು ವಾರದ ಮ್ಯಾಲ, ಮಂಗಳವಾರ ರಾತ್ರಿ 9:15)

ಹೋಗಿ ಬಂದೆವ್ರಿ. ಹೇಳ್ತೀನಂತ ಮಾತು ಕೊಟ್ಟಿದ್ದೆ, ಹೇಳ್ತೀನಿ.

ಡೆಕ್ ನಂಬರ್ ಏಳು ಅವರು ಹೇಳಿದ್ದು ಕರೆಕ್ಟ್, ಗೇಟ ದಾಟಿದಾಗ ಹತ್ತೂವರಿ. ಝುವಾರಿನಗರದ ಹುಡುಗನ ಕಾಕಾ ಕೈಯಾಗ ನನ್ನ ಹೆಸರು ಕನ್ನಡದಾಗ ಬರಕೊಂಡು ನಿಂತಿದ್ರು. ಇಡೀ ಗೇಟಿನ್ಯಾಗ ಅದೊಂದ ಕನ್ನಡ. ನಮ್ಮ ಮನಿಯವ್ರು ಅಲ್ಲೇ ಅರ್ಧಾ ಖುಷ್.

ಗೋವಾ ವೆಲ್ಹಾದಾಗ ಕಿಡಕಿ ಇಳಿಸಿ ನಮಸ್ಕಾರ ಹಾಕಿದೆ. ಕಾಕಾ "ಯಾರಿಗ್ರಿ?" ಅಂದ್ರು. "ಕದಂಬರಿಗೆ" ಅಂದೆ. "ಬಸ್ಸಿಗೇನು?" ಅಂದ್ರು.

ಬೊಮ್ ಜೀಸಸ್‌ದಾಗ ಸಾಲಿ ಹುಡುಗರ ಟ್ರಿಪ್ ಬಂದಿತ್ತು, ಕಾಲಿಡ್ಲಿಕ್ಕ ಜಾಗಾ ಇಲ್ಲ. ಹತ್ತು ನಿಮಿಷದಾಗ ಹೊರಗ ಬಂದ್ವಿ. ಸೆ ಕ್ಯಾಥೆಡ್ರಲ್ ಮಾತ್ರ ಖಾಲಿ, ತಂಪು. ಒಳಗ ಕೂತು ಚೀಲದಾಗಿನ ನೀರು ಕುಡದ್ವಿ. ಬಿದ್ದ ಗೋಪುರ ನೋಡಿ ನಮ್ಮ ಮನಿಯವ್ರು "ನಮ್ಮೂರಾಗ ಬಾರಾಕಮಾನ್ ಗೋರಿ ಅರ್ಧಾ ಬಿಟ್ಟಾರ, ಇವರು ಬಿದ್ದದ್ದನ್ನ ಬಿಟ್ಟಾರ" ಅಂದ್ರು.

ಆಮ್ಯಾಲ ಆ ಬಾಗಲ.

ಫೋಟೋದಾಗ ದೊಡ್ಡದು ಕಾಣತದ, ಖರೇನ ಅಷ್ಟ ದೊಡ್ಡದಿಲ್ಲ. ಎರಡೂ ಕಡಿ ಕರೀ ಕಂಬ, ಮ್ಯಾಲ ಅಡ್ಡ ಕಲ್ಲು, ಬಾಜೂಕ ಮುರದ ಜಾಲಿ ಕಿಡಕಿ ತುಣಕು. ಕಂಬದ ಕೆಳಗಿನ ಕೆತ್ತನಿ ಮಳಿಗೆ ಸವದು ಸವದು ಬೆರಳಿಗೆ ಅಷ್ಟ ಹತ್ತತದ, ಕಣ್ಣಿಗೆ ಕಾಣಂಗಿಲ್ಲ. ನಾ ಕೈ ಆಡಿಸಿಕೋತ ನಿಂತಿದ್ದೆ. ನಮ್ಮ ಮನಿಯವ್ರು ಚಪ್ಪಲಿ ಬಿಟ್ರು. ಯಾಕ ಅಂದೆ. "ಬಾಗಲ ಅಲ್ರಿ?" ಅಂದ್ರು. ಹೊಸ್ತಿಲ ಇದ್ದ ಜಾಗಾ ತುಳೀಲಾರದ ದಾಟಿ ಆಕಡೆ ಹೋದ್ರು. ಆಕಡೆ ಏನದ, ಹುಲ್ಲು. ಹುಲ್ಲಿನ್ಯಾಗ ನಿಂತು ಹೊಳ್ಳಿ ನನ್ನ ನೋಡಿ, "ಒಳಗ ಬರ್ರಿ, ಯಾಕ ಹೊರಗ ನಿಂತೀರಿ" ಅಂದ್ರು. ಮೂವತ್ತು ವರ್ಷ ಬರದ ಸಾಲಿಗೆ ಇಷ್ಟು ಹತ್ರ ನಾ ಹೋಗಿದ್ದಿಲ್ಲ.

ಬಾರಾಕಮಾನ್ ಅವರ, ರುಮಾಲಿನಾಂವನ್ನೂ ನೋಡಿದೆ. ಕಾಕಾ ಅಂದ್ರು, "ಬಿಡ್ರಿ ಸರ್, ಅದರ ಕೆಳಗ ಹಾದು ಈಗ ದಿವಾರ್ ಫೆರಿಗೆ ಮೀನದ ಬುಟ್ಟಿ ಹೋಗ್ತಾವು."

ಒಂದೂವರಿಗೆ ಬಿಟ್ವಿ. ಟೈಮು ಅದ ಅಂತ ಕಾಕಾ ತಮ್ಮ ಮನಿ ಮುಂದ ಗಾಡಿ ನಿಲ್ಲಿಸಿದ್ರು. ಹತ್ತು ನಿಮಿಷ ಅಂದದ್ದು ನಲವತ್ತಾತು. ಕಾಕೀಯವರದ್ದು ಮುದ್ದೇಬಿಹಾಳ ತವರು, ನಮ್ಮ ಮನಿಯವ್ರದ್ದು ತಾಳೀಕೋಟಿ. ಇಬ್ಬರೂ ಕೂಡಿದ ಮ್ಯಾಲ ಎಬ್ಬಸೂದು ಹೆಂಗ? ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ರು. ಹೊಂಟ ಮ್ಯಾಲ ವಾಸ್ಕೋದಾಗ ಒಂದು ಲಾರಿ ಕೆಟ್ಟು ನಿಂತು ರಸ್ತೆ ಬಂದ್. ನನ್ನ ಎದಿ ಡವಡವ. ಕಾಕಾ ಯಾವುದೋ ಓಣ್ಯಾಗ ಹೊಕ್ಕು ಹೊರಗ ತಗದ್ರು. ಮೂರೂ ಐವತ್ತಕ್ಕ ಹಡಗಿನ ಬಾಗಲ.

ಅಲ್ಲಿ ಚೀಲ ತಗಸಿ ನೋಡಿದ್ರು. ಹೊರಗಿನ ಊಟ ಒಳಗ ಬಿಡಂಗಿಲ್ಲ ಅಂದ್ರು. ಚೆಲ್ಲು ಅಂದ್ರ ಇವರು ಚೆಲ್ಲತಾರೇನು? ಬಿಸಲಾಗ, ಅಷ್ಟು ದೊಡ್ಡ ಹಡಗಿನ ನೆರಳಾಗ ನಿಂತು ಇಬ್ಬರೂ ರೊಟ್ಟಿ ಮುರಕೊಂಡು ತಿಂದ್ವಿ. ಚೀಲ ನೋಡೂ ಹುಡುಗಗೂ ಒಂದು ತುಣಕು ಕೊಟ್ರು, ಅಂವ ಆಕಡೆ ಈಕಡೆ ನೋಡಿ ಬಾಯಾಗ ಹಾಕ್ಕೊಂಡ.

ಖಡಕ್ ರೊಟ್ಟಿ

ನಾ ಏನ ಹೇಳಿದ್ದೆ!

ಬನವಾಸಿಯಿಂದ ಬಂದವ

ಬಸ್ಸಿಗೇನು ಅಂದ್ರಾ? ಕಾಕಾಗ ನಮಸ್ಕಾರ ಹೇಳ್ರಿ.

ಇಳಕಲ್ ಸೆರಗು

ಅಕ್ಕಾರ ಮೊಣಕಾಲ ಹೆಂಗದಾವು ಸರ್?

ಗುಮ್ಮಟದೂರಿನ ಮಾಸ್ತರ

ಗೋವಾದಾಗ ನೋವೇ ಬರಲಿಲ್ಲಂತ. ಮನಿಗೆ ಬಂದು ಪಾತ್ರಿ ನೋಡಿದ ಮ್ಯಾಲ ಸುರು ಆಗ್ಯದ, ಈಗ ನಾ ತಿಕ್ಕಾಕತ್ತೀನಿ.

ಚೋರ್ಲಾ ಘಾಟ್

ಟ್ಯಾಕ್ಸಿಗೆ ಎಷ್ಟ ಕೊಟ್ರಿ?

ಝುವಾರಿನಗರ ಹುಡುಗ

ಅದನ್ನ ಹೇಳಬ್ಯಾಡ್ರಿ ಅಂತ ಕಾಕಾ ಹೇಳ್ಯಾರ. ಯೂನಿಯನ್‌ದವರೂ ಇಲ್ಲಿ ಓದತಾರ.